ಕೊಂಡಿಯ ಬಲ

ಸಖೀರ್ ಮರುಭೂಮಿಯಲ್ಲಿ ಡೇರೆಗಳೇಳುವ ಕಾಲ ಬಂದಿತೆಂದರೆ ನಮ್ಮ ಸಂಘದ ಕುಟುಂಬಗಳಲ್ಲಿಯೂ ಒಂದು ಬಗೆಯ ಸಡಗರ ತಲೆದೋರುತ್ತದೆ. ಬಹ್ರೈನಿನ ಜನರು ‘ಬರ್’ ಎಂದು ಅಕ್ಕರೆಯಿಂದ ಕರೆಯುವ ಆ ಬಯಲಿನಲ್ಲಿ ಚಳಿಗಾಲದ ರಾತ್ರಿಗಳನ್ನು ಕಳೆಯುವುದು ಅವರಿಗೆ ಹಿರಿಯರಿಂದ ಬಂದ ವಾಡಿಕೆ. ನಮಗೆ ಅವರಿಂದ ಕಲಿತ ಸುಖ. ಕಳೆದ ವರ್ಷ ನಾವು ಮೂರು ಕುಟುಂಬಗಳವರು ಸೇರಿ, ಈ ಬಾರಿ ಬಾಡಿಗೆಯ ಡೇರೆ ಬೇಡ, ನಮ್ಮದೇ ಸಾಮಾನು ಸರಂಜಾಮು ಕೊಂಡೊಯ್ಯೋಣವೆಂದು ನಿಶ್ಚಯಿಸಿದೆವು. ಡೇರೆ, ಕಂಬಳಿ, ಜನರೇಟರ್, ಒಲೆ, ನೀರಿನ ಟ್ಯಾಂಕ್ ಇವೆಲ್ಲವನ್ನೂ ಸಾಗಿಸಲು ಒಂದು ಹಳೆಯ ಟ್ರೇಲರ್ ಕೊಂಡದ್ದಾಯಿತು. ಎಳೆಯುವುದಕ್ಕೆ ಒಬ್ಬರ ಪ್ರಾಡೊ ಇತ್ತು. ಇವೆರಡರ ನಡುವೆ ಇರಬೇಕಾದ ಸಲಕರಣೆಯನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂತು. ಊರಿನಲ್ಲಿ ಎತ್ತಿನ ಗಾಡಿ ಕಟ್ಟಿ ಅಭ್ಯಾಸವಿದ್ದವನು ಗುಂಪಿನಲ್ಲಿ ನಾನೊಬ್ಬನೇ ಎಂಬುದು ಅದಕ್ಕೆ ಕಾರಣ. ನಗುತ್ತ ಕೊಟ್ಟ ಹೊಣೆಯಾದರೂ ಆ ಅರ್ಹತೆ ಮುಂದೆ ನಿಜವಾಗಿಯೇ ಉಪಯೋಗಕ್ಕೆ ಬಂತು.

ಆದರೆ ಟ್ರೇಲರಿಗೂ ಮೊದಲು ಒಂದು ದೊಡ್ಡ ಆಸೆಯನ್ನು ಇತ್ಯರ್ಥಗೊಳಿಸಬೇಕಿತ್ತು. ನಮ್ಮಲ್ಲೊಬ್ಬ ಗೆಳೆಯರು, ಅಮೆರಿಕದಲ್ಲಿ ಮನೆಯಷ್ಟು ದೊಡ್ಡ ಮೋಟರ್‌ಹೋಮ್‌ಗಳು ತಮ್ಮ ಹಿಂದೆ ಪುಟ್ಟ ಕಾರೊಂದನ್ನು ಕಟ್ಟಿಕೊಂಡು ಹೋಗುವ ದೃಶ್ಯಗಳನ್ನು ನೋಡಿ ಮನಸೋತಿದ್ದರು. ಅವರ ಆಸೆಗೆ ಕಾರಣವೂ ಇತ್ತು. ಅವರ ತಾಯಿಯವರು ಎಪ್ಪತ್ತೆಂಟರ ಹಿರಿಯರು, ಸಕ್ಕರೆ ಕಾಯಿಲೆಯವರು. ನಡುರಾತ್ರಿ ಏನಾದರೂ ಆದರೆ ರಿಫಾದ ಆಸ್ಪತ್ರೆಗೆ ಹೊರಡಲು ಒಂದು ಚಿಕ್ಕ ಕಾರು ಡೇರೆಯ ಪಕ್ಕದಲ್ಲೇ ಇರಬೇಕೆಂಬುದು ಅವರ ಹಟ. ‘ಒಂದು ಮೋಟರ್‌ಹೋಮ್ ಬಾಡಿಗೆಗೆ ಹಿಡಿಯೋಣ, ನನ್ನ ಕೊರೊಲ್ಲಾವನ್ನು ಅದರ ಹಿಂದೆ ಕಟ್ಟೋಣ’ ಎಂದರು.

ಕಾರನ್ನು ನಾಲ್ಕೂ ಚಕ್ರಗಳ ಮೇಲೆ ಎಳೆದೊಯ್ಯುವುದು ಹೊರನೋಟಕ್ಕೆ ಕಂಡಷ್ಟು ಸರಳವಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಎಣ್ಣೆಯನ್ನು ಹರಿಸುವ ಪಂಪು ಸಾಮಾನ್ಯವಾಗಿ ಎಂಜಿನ್ ತಿರುಗಿದಾಗ ಮಾತ್ರ ಕೆಲಸ ಮಾಡುತ್ತದೆ. ಎಂಜಿನ್ ಆರಿಸಿ ಎಳೆದರೆ, ನ್ಯೂಟ್ರಲ್‌ನಲ್ಲಿ ಇಟ್ಟಿದ್ದರೂ, ಉರುಳುವ ಚಕ್ರಗಳು ಒಳಗಿನ ಭಾಗಗಳನ್ನು ತಿರುಗಿಸುತ್ತಲೇ ಇರುತ್ತವೆ. ಎಣ್ಣೆ ಮಾತ್ರ ಅಲ್ಲಿಗೆ ತಲುಪುವುದಿಲ್ಲ. ಕೆಲವು ಗಂಟೆಗಳ ಪಯಣದಲ್ಲಿ ಗೇರ್‌ಬಾಕ್ಸ್ ಸುಟ್ಟುಹೋಗಬಹುದು. ಅಮೆರಿಕದವರು ಹೀಗೆ ಎಳೆಯಲು ಆರಿಸಿಕೊಳ್ಳುವ ಕಾರುಗಳೇ ಬೇರೆ. ಜೀಪ್ ರ‍್ಯಾಂಗ್ಲರ್‌ನಂಥವುಗಳಲ್ಲಿ ಚಕ್ರಗಳಿಗೂ ಗೇರ್‌ಬಾಕ್ಸಿಗೂ ನಡುವಿನ ಸಂಬಂಧವನ್ನು ಟ್ರಾನ್ಸ್‌ಫರ್ ಕೇಸಿನಲ್ಲಿಯೇ ಕಡಿಯಬಹುದು. ಉಳಿದ ಕಾರುಗಳ ವಿಷಯದಲ್ಲಿ ಕಂಪನಿಯ ಕೈಪಿಡಿ ಹೇಳಿದ್ದೇ ಅಂತಿಮ. ಮುಂದಿನ ಚಕ್ರಗಳಿಂದ ಓಡುವ ಕಾರಾದರೆ ಆ ಎರಡು ಚಕ್ರಗಳನ್ನು ನೆಲದಿಂದ ಎತ್ತಿ ಹಿಡಿಯುವ ಡಾಲಿ ಬೇಕು. ಇಲ್ಲವೇ ಇಡೀ ಕಾರನ್ನು ಹೊರುವ ಟ್ರೇಲರ್ ಬೇಕು. ಇಷ್ಟೆಲ್ಲ ಆದ ಮೇಲೂ, ಎಳೆಯುವ ವಾಹನದ ಬ್ರೇಕಿಗೆ ಹಿಂದಿನ ಕಾರಿನ ಭಾರವೂ ಸೇರುವುದರಿಂದ, ಆ ಕಾರಿಗೆ ತಾನಾಗಿ ಬೀಳುವ ಬ್ರೇಕಿನ ವ್ಯವಸ್ಥೆಯನ್ನು ಪ್ರತ್ಯೇಕವಾಗಿ ಜೋಡಿಸಬೇಕು.

ಇದನ್ನೆಲ್ಲ ಲೆಕ್ಕ ಹಾಕಿದ ಮೇಲೆ ನಾನು ಗೆಳೆಯರಿಗೆ ಹೇಳಿದೆ: ಈ ದ್ವೀಪದ ಉದ್ದವೇ ಸುಮಾರು 50 ಕಿಲೋಮೀಟರ್, ಮನಾಮಾದಿಂದ ಸಖೀರ್‌ಗೆ ಅಷ್ಟು ದೂರವೂ ಆಗುವುದಿಲ್ಲ. ಸಾವಿರಾರು ಮೈಲಿ ಸುತ್ತುವವರ ಸಲಕರಣೆ ನಮಗೇಕೆ? ನಿಮ್ಮ ಮಗನಿಗೆ ಲೈಸೆನ್ಸ್ ಇದೆ, ಅವನು ಕೊರೊಲ್ಲಾ ಓಡಿಸಿಕೊಂಡು ಬರಲಿ. ಗೆಳೆಯರಿಗೆ ಸ್ವಲ್ಪ ನಿರಾಸೆಯಾಯಿತು, ಅವರ ಮಗನಿಗೆ ಬಹಳ ಸಂತೋಷವಾಯಿತು.

ಉಳಿದದ್ದು ಟ್ರೇಲರ್. ಸಲ್ಮಾಬಾದಿನ ಗ್ಯಾರೇಜುಗಳ ಬೀದಿಯಲ್ಲಿ ಎರಡು ಸಂಜೆ ಅಲೆದಾಡಿದೆ. ಅಲ್ಲಿ ದೊರೆಯದ ವಸ್ತುವಿಲ್ಲ, ಅದೇ ತೊಡಕು. ಜಪಾನಿನ ವಾಹನಕ್ಕೆ ಅಮೆರಿಕದ ಕೊಂಡಿ, ಅದಕ್ಕೆ ಯುರೋಪಿನ ಗುಂಡು, ಹಿಂದೆ ಎಲ್ಲಿಯದೋ ಟ್ರೇಲರ್, ಹೀಗೆ ನಾಲ್ಕು ದೇಶಗಳ ಅಳತೆಗಳು ಒಂದೇ ಜಾಗದಲ್ಲಿ ಕೂಡುತ್ತವೆ. ಹಿಚ್ಚಿನ ಉಕ್ಕಿನ ಗುಂಡುಗಳಲ್ಲಿ 50 ಮಿಲಿಮೀಟರಿನದು ಒಂದು, 2 ಇಂಚಿನದು ಒಂದು, 1⅞ ಇಂಚಿನದು ಇನ್ನೊಂದು. ಈ ಕೊನೆಯದು ಸುಮಾರು 47.6 ಮಿಲಿಮೀಟರ್. ಕಣ್ಣಳತೆಗೆ ಮೂರೂ ಒಂದೇ. ಚಿಕ್ಕ ಗುಂಡಿನ ಮೇಲೆ ದೊಡ್ಡ ಕಪ್ಲರ್ ಕೂಡಿಸಿದರೆ ಅದು ನೀಟಾಗಿ ಕೂರುತ್ತದೆ, ಚಿಲಕವೂ ಬೀಳುತ್ತದೆ. ಆದರೆ ರಸ್ತೆಯ ಉಬ್ಬೊಂದರ ಮೇಲೆ ಹಾರಿದ ಕ್ಷಣದಲ್ಲಿ ಕಳಚಿಕೊಳ್ಳುತ್ತದೆ. ಆದ್ದರಿಂದ ಗುಂಡಿನ ನೆತ್ತಿಯ ಮೇಲೂ ಕಪ್ಲರಿನ ಮೇಲೂ ಕೆತ್ತಿರುವ ಅಂಕಿಗಳನ್ನು ಓದಿ ತಾಳೆ ನೋಡಬೇಕು. ನಮ್ಮ ಟ್ರೇಲರಿನ ಅಂಕಿ ಬಣ್ಣದ ಅಡಿಯಲ್ಲಿ ಹೂತುಹೋಗಿತ್ತು. ಅಂಗಡಿಯ ಮಲಯಾಳಿ ಹುಡುಗ ಬೇಸರಿಸದೆ ಉಜ್ಜಿ ತೋರಿಸಿದ.

ಭಾರವನ್ನು ಹೇರುವ ವಿದ್ಯೆಯನ್ನು ಮಾತ್ರ ನಾನು ಯಾರಿಂದಲೂ ಕಲಿಯಬೇಕಾಗಲಿಲ್ಲ. ಗಾಡಿಗೆ ಹುಲ್ಲು ಹೇರುವಾಗ ಅಜ್ಜ ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಭಾರವೆಲ್ಲ ಅಚ್ಚಿನ ಹಿಂದಕ್ಕೆ ಸರಿದರೆ ಮೂಕಿ ಮೇಲೇಳುತ್ತದೆ, ನೊಗದ ಹಗ್ಗ ಎತ್ತಿನ ಕೊರಳನ್ನು ಬಿಗಿಯುತ್ತದೆ. ತೀರ ಮುಂದಕ್ಕೆ ಬಂದರೆ ನೊಗ ಹೆಗಲನ್ನು ಜಜ್ಜುತ್ತದೆ. ನೊಗದ ಮೇಲೆ ಹಿತವಾದಷ್ಟು ಭಾರ ನಿಲ್ಲಬೇಕು. ಟ್ರೇಲರಿನ ನಿಯಮವೂ ಅಕ್ಷರಶಃ ಇದೇ. ಒಟ್ಟು ತೂಕದ ಸುಮಾರು ಹತ್ತನೆಯ ಒಂದು ಪಾಲು ಕೊಂಡಿಯ ಮೇಲೆ ಕೆಳಮುಖವಾಗಿ ಬೀಳಬೇಕು. ಹಿಂಭಾರವಾದರೆ ವೇಗದಲ್ಲಿ ಟ್ರೇಲರ್ ಬಾಲದಂತೆ ತೊನೆಯತೊಡಗಿ, ಎಳೆಯುವ ವಾಹನವನ್ನೇ ತಿರುಗಿಸಿ ಬಿಸುಡುತ್ತದೆ. ನಮ್ಮ ನೀರಿನ ಟ್ಯಾಂಕಿನಲ್ಲಿ 500 ಲೀಟರ್ ಹಿಡಿಯುತ್ತದೆ. ಅಂದರೆ ತುಂಬಿದಾಗ 500 ಕಿಲೋ. ಅದನ್ನು ಅಚ್ಚಿನಿಂದ ತುಸು ಮುಂದಕ್ಕೆ ಇರಿಸಿದೆವು. ಟ್ಯಾಂಕು ಪೂರ್ತಿ ತುಂಬಿರಬೇಕು, ಇಲ್ಲವೇ ಪೂರ್ತಿ ಖಾಲಿಯಿರಬೇಕೆಂದು ನಾನು ಪಟ್ಟು ಹಿಡಿದೆ. ಅರ್ಧ ತುಂಬಿದ ನೀರು ಬ್ರೇಕ್ ಹಾಕಿದಾಗಲೆಲ್ಲ ಹಿಂದುಮುಂದಾಗಿ ಹೊಯ್ದಾಡುತ್ತದೆ.

ಗಾಡಿಗೆ ಕಡಾಣಿ ಹೇಗೋ ಕೊಂಡಿಗೆ ಅದರ ಪಿನ್ನು ಹಾಗೆ. ಕೆಲವೇ ದಿನಾರುಗಳ ಉಕ್ಕಿನ ಸಲಾಕೆ, ಅದರ ತುದಿಗೆ ನೂರಿನ್ನೂರು ಫಿಲ್ಸ್‌ನ ಒಂದು ಕ್ಲಿಪ್ಪು. ಇಡೀ ಭಾರ ಅವುಗಳನ್ನು ನಂಬಿರುತ್ತದೆ. ನಮ್ಮ ಉಪ್ಪುಗಾಳಿಯಲ್ಲಿ ಅಗ್ಗದ ಪಿನ್ನಿಗೆ ಒಂದೇ ಬೇಸಗೆಯಲ್ಲಿ ತುಕ್ಕು ಹಿಡಿಯುತ್ತದೆ, ಆದ್ದರಿಂದ ಅಲ್ಲಿ ಜಿಪುಣತನ ಮಾಡಲಿಲ್ಲ. ಕೊಂಡಿಯ ಕೆಳಗೆ ಎರಡು ಸುರಕ್ಷಾ ಸರಪಳಿಗಳನ್ನು ಕತ್ತರಿಯಾಕಾರದಲ್ಲಿ ಹಾಕಿಸಿದೆವು. ಗುಂಡು ಕಳಚಿದರೂ ಟ್ರೇಲರಿನ ಮೂತಿ ನೆಲಕ್ಕೆ ಬಡಿಯದೆ ಆ ತೊಟ್ಟಿಲಿನಲ್ಲಿ ಬಂದು ಕೂರುತ್ತದೆ. ಟೈರುಗಳನ್ನಂತೂ ನಾಲ್ಕನ್ನೂ ಬದಲಿಸಿದೆವು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ವರ್ಷದ ಎಂಟು ತಿಂಗಳು ಬಿಸಿಲಿನಲ್ಲಿ ಸುಮ್ಮನೆ ನಿಲ್ಲುವ ಟ್ರೇಲರಿನ ಟೈರು ಸವೆಯುವುದಿಲ್ಲ, ಒಳಗೇ ಸೀಳುತ್ತದೆ.

ಈ ಬರೆಹಕ್ಕೆ ಕೂತದ್ದಕ್ಕೆ ಮುಖ್ಯ ಕಾರಣ ಮಾತ್ರ ಟ್ರೇಲರ್ ಅಲ್ಲ, ಮರಳಿನಲ್ಲಿ ಕಂಡ ಒಂದು ಹಗ್ಗ.

ನಾವು ಡೇರೆ ಹಾಕಿದ್ದ ಜಾಗದಿಂದ ದಕ್ಷಿಣಕ್ಕೆ ಜಬಲ್ ದುಖಾನ್ ಗುಡ್ಡ ಕಾಣುತ್ತಿತ್ತು. 1932ರಲ್ಲಿ ಬಹ್ರೈನಿನ ಮೊದಲ ತೈಲಬಾವಿ ಚಿಮ್ಮಿದ್ದು ಅದರ ಬುಡದಲ್ಲಿ. ಇಂದಿಗೂ ಆ ಬಯಲಿನ ಮೇಲೆ ಅಲ್ಲಲ್ಲಿ ಕೊಳವೆಸಾಲುಗಳು ಹರಿದಿವೆ. ಎರಡನೆಯ ದಿನ ಮಧ್ಯಾಹ್ನ ಸಮೀಪದ ಇನ್ನೊಂದು ಗುಂಪಿನವರ ದೊಡ್ಡ ಕಾರೊಂದು ಸಡಿಲ ಮರಳಿನಲ್ಲಿ ಅಚ್ಚಿನವರೆಗೆ ಹೂತುಕೊಂಡಿತು. ಅವರು ನೈಲಾನಿನ ದಪ್ಪ ಹಗ್ಗವೊಂದನ್ನು ತಂದು, ಒಂದು ತುದಿಯನ್ನು ಹೂತ ಕಾರಿಗೆ ಬಿಗಿದು, ಇನ್ನೊಂದು ತುದಿಯ ಕುಣಿಕೆಯನ್ನು ಎಳೆಯುವ ವಾಹನದ ಉಕ್ಕಿನ ಗುಂಡಿಗೆ ತೊಡಿಸಿದರು. ಅದಕ್ಕಿಂತ ಸಹಜವಾದ ಜಾಗ ಕಣ್ಣಿಗೆ ಬೀಳುವುದಿಲ್ಲ. ಸುತ್ತ ಆರೇಳು ಮಕ್ಕಳು ನಿಂತಿದ್ದರು, ನಮ್ಮವರೂ ಸೇರಿ. ಚಾಲಕ ವೇಗ ತೆಗೆದುಕೊಳ್ಳಲು ಹಿಂದೆ ಸರಿಯುತ್ತಿದ್ದಂತೆ, ಪಕ್ಕದ ಡೇರೆಯಿಂದ ಬಹ್ರೈನಿನ ಹಿರಿಯರೊಬ್ಬರು ಚಹಾದ ಲೋಟ ಹಿಡಿದೇ ಓಡಿಬಂದು ವಾಹನದ ಮುಂದೆ ಕೈಯೆತ್ತಿ ನಿಂತರು. ‘ಬಚ್ಚಾ ಲೋಗ್ ಪೀಛೆ! ಪೀಛೆ!’ ಎಂದು ತಮಗೆ ತಿಳಿದಷ್ಟು ಹಿಂದಿಯಲ್ಲಿ ಗದರಿ ಮಕ್ಕಳನ್ನೆಲ್ಲ ಡೇರೆಯ ಆಚೆಗೆ ಅಟ್ಟಿದರು.

ಅವರ ಭಯಕ್ಕೆ ಆಧಾರವಿದೆ. ಮರಳಿನಿಂದ ಎಳೆಯುವ ನೈಲಾನ್ ಹಗ್ಗ ರಬ್ಬರಿನಂತೆ ಹಿಗ್ಗುತ್ತದೆ. ಹಿಗ್ಗಿದಷ್ಟೂ ಶಕ್ತಿಯನ್ನು ತುಂಬಿಕೊಂಡು, ಕೊನೆಗೆ ಅದನ್ನು ಹೂತ ಕಾರಿಗೆ ಒಮ್ಮೆಗೇ ನೀಡುತ್ತದೆ. ಅದರ ಗುಣವೇ ಅದು. ಹಿಚ್ಚಿನ ಗುಂಡು ಉರುಳುವ ಟ್ರೇಲರನ್ನು ಸಮನಾಗಿ ಎಳೆಯಲು ಮಾಡಿದ್ದು. ಅಂಥ ಹಠಾತ್ ಸೆಳೆತಕ್ಕೆ ಅದರ ಕುತ್ತಿಗೆ ಮುರಿಯಬಲ್ಲದು. ಮುರಿದ ಗುಂಡು ಹಗ್ಗದ ಸಮಸ್ತ ಶಕ್ತಿಯನ್ನೂ ಹೊತ್ತು ಫಿರಂಗಿಯ ಗುಂಡಿನಂತೆ ಹಾರುತ್ತದೆ. ಆಸ್ಟ್ರೇಲಿಯದಲ್ಲಿ ಇಂಥ ಅವಘಡಗಳಲ್ಲಿ ಜನ ಪ್ರಾಣ ಕಳೆದುಕೊಂಡದ್ದುಂಟು, ಕಾರಿನೊಳಗೆ ಕುಳಿತವರು ಕೂಡ.

ಆ ಹಿರಿಯರು ಗುಂಡಿನ ಕೈಯನ್ನೇ ಪಿನ್ನು ತೆಗೆದು ಹೊರಗೆಳೆದರು. ಆ ಚೌಕದ ತೂತಿಗೆ ತಮ್ಮ ಪೆಟ್ಟಿಗೆಯಿಂದ ಶ್ಯಾಕಲ್ ಸಹಿತವಾದ ಉಕ್ಕಿನ ಅಚ್ಚೊಂದನ್ನು ತಂದು ಕೂರಿಸಿದರು. ಶ್ಯಾಕಲಿನ ಮೈಮೇಲೆ 4.75 ಟನ್ ಎಂದು ಕೆತ್ತಿತ್ತು. ಆಮೇಲೂ ಎಳೆಯಲು ಬಿಡಲಿಲ್ಲ. ಹೂತ ಕಾರಿನ ಟೈರುಗಳ ಗಾಳಿಯನ್ನು ಹದಿನೈದು ಹದಿನಾರು ಪಿಎಸ್‌ಐಗೆ ಇಳಿಸಿದರು, ಸಲಿಕೆಯಿಂದ ಚಕ್ರಗಳ ಮುಂದಿನ ಮರಳನ್ನು ತೋಡಿಸಿದರು, ಹಗ್ಗದ ನಡುವೆ ಒಂದು ಒದ್ದೆ ಕಂಬಳಿ ಹೊದಿಸಿದರು. ಅರ್ಧ ಗಂಟೆಯ ಸಿದ್ಧತೆಯಾದ ಮೇಲೆ ಎಳೆದದ್ದು ಅರ್ಧ ನಿಮಿಷ. ಕಾರು ಮೆಲ್ಲನೆ, ಸದ್ದಿಲ್ಲದೆ ಹೊರಬಂತು. ಗೆಳೆಯರ ತಾಯಿಯವರು ಎಲ್ಲವನ್ನೂ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದವರು, ‘ಆ ಯಜಮಾನರಿಗೆ ನಮ್ಮ ಕಡೆಯಿಂದ ಒಂದು ತಟ್ಟೆ ಚಿತ್ರಾನ್ನ ಕೊಡ್ರಪ್ಪಾ’ ಎಂದರು. ಕೊಟ್ಟೆವು. ಅವರು ಹಸಿಮೆಣಸಿನಕಾಯಿಯನ್ನು ಜಾಣತನದಿಂದ ಬದಿಗಿರಿಸಿ ತಿಂದರು.

ಮನಾಮಾಕ್ಕೆ ಮರಳಿದ ವಾರದಲ್ಲೇ ನಾವೂ ಅಂಥದೊಂದು ಪೆಟ್ಟಿಗೆ ಸಿದ್ಧಪಡಿಸಿದೆವು: ರಿಸೀವರಿನಲ್ಲಿ ಕೂರುವ ಶ್ಯಾಕಲ್ ಅಚ್ಚು, ಭಾರದ ಅಂಕಿ ಕೆತ್ತಿದ ಎರಡು ಶ್ಯಾಕಲ್, ಒಂಬತ್ತು ಮೀಟರಿನ ಹಗ್ಗ, ಗಾಳಿಯ ಮಾಪಕ, ಪುಟ್ಟ ಕಂಪ್ರೆಸರ್, ಸಲಿಕೆ. ಭಾರದ ಅಂಕಿಯಿಲ್ಲದ ಶ್ಯಾಕಲುಗಳು ಅರ್ಧ ಬೆಲೆಗೆ ಸಿಗುತ್ತವೆ. ಅವುಗಳನ್ನು ಬೀಗ ಹಾಕುವುದಕ್ಕೆ ಬಳಸಬಹುದು. ಪೆಟ್ಟಿಗೆ ಈಗ ಮೂರು ಕುಟುಂಬಗಳ ಸೊತ್ತು. ಈ ಚಳಿಗಾಲದಲ್ಲಿ ಸಖೀರಿಗೆ ಹೊರಡುವ ಸದಸ್ಯರು ಯಾರೇ ಕೇಳಿದರೂ ಕೊಡುತ್ತೇವೆ. ಮರಳಿಸುವಾಗ ಹಗ್ಗವನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ ಕೊಡಿ. ಸಿಕ್ಕಿಕೊಂಡ ಮರಳಿನ ಕಣಗಳು ನೈಲಾನಿನ ಎಳೆಗಳನ್ನು ಒಳಗಿನಿಂದಲೇ ಕೊಯ್ಯುತ್ತವೆ. ಉಕ್ಕಿನ ಗುಂಡನ್ನು ಮಾತ್ರ ಆ ಪೆಟ್ಟಿಗೆಯಲ್ಲಿ ಹುಡುಕಬೇಡಿ. ಅದು ಟ್ರೇಲರಿನ ಜೊತೆಗೇ ಇದೆ.