ಗೇಟಿನ ಈಚೆ ಕಡೆ

ನಮ್ಮ ತಮ್ಮನಿಗೆ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಎರಡು ತಿಂಗಳ ಗುತ್ತಿಗೆ ಕೆಲಸ ಸಿಕ್ಕಿತೆಂದು ಗೊತ್ತಾದಾಗ ಮನೆಯವರೆಲ್ಲ ಸೇರಿ ಮೊದಲು ಮಾಡಿದ್ದು ಟ್ರಂಕು ತೆರೆದು ಕಾಗದ ಹುಡುಕುವ ಕೆಲಸ. ತಮ್ಮ ವಿಜಯಪುರದಲ್ಲಿ ಐಟಿಐ ಮುಗಿಸಿದ ವೆಲ್ಡರ್. ಸ್ಥಾವರದ ಘಟಕವೊಂದನ್ನು ದುರಸ್ತಿಗೆಂದು ನಿಲ್ಲಿಸಿದಾಗ ಹೊರಗಿನಿಂದ ಹೆಚ್ಚುವರಿ ಕೆಲಸಗಾರರನ್ನು ಕರೆಸುತ್ತಾರೆ. ಗುತ್ತಿಗೆದಾರರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಕೆಲಸ ಐತಿ. ಆದ್ರ ಪಾಸ್ ಆಗಬೇಕು. ಕಾಗದ ಎಲ್ಲಾ ಒಂದಕ್ಕೊಂದು ಕೂಡಬೇಕು ನೋಡ್ರಿ."

ನಮ್ಮ ಕಾಗದಗಳು ಕೂಡಲಿಲ್ಲ. ತಮ್ಮನ ಶಾಲೆಯ ದಾಖಲೆಯಲ್ಲಿ ಜಿಲ್ಲೆ ಬಿಜಾಪುರ, ತಾಲೂಕೂ ಬಿಜಾಪುರ. 2014ರ ನವೆಂಬರ್ 1ರಂದು ಊರಿನ ಹೆಸರು ವಿಜಯಪುರವಾಯಿತು, ಆಧಾರ್ ಕಾರ್ಡಿನಲ್ಲಿ ಹಾಗೆಯೇ ಇದೆ. ಆಮೇಲೆ ಹೊಸ ತಾಲೂಕುಗಳು ಬಂದಾಗ ತಿಕೋಟಾ, ಬಬಲೇಶ್ವರ ಎರಡೂ ತಾಲೂಕುಗಳಾದವು, ನಮ್ಮ ಪಡಿತರ ಚೀಟಿಗೆ ತಿಕೋಟಾ ಬಂದು ಕುಳಿತಿತು. ಮನೆ ಕದಲಲಿಲ್ಲ, ಹೊಲ ಕದಲಲಿಲ್ಲ, ದ್ರಾಕ್ಷಿ ಬಳ್ಳಿ ನಿಂತಲ್ಲೇ ನಿಂತಿದೆ. ಆದರೆ ಕಾಗದದ ಪ್ರಕಾರ ತಮ್ಮ ಮೂರು ಊರಿನವನು. ಅದು ಸಾಲದೆಂಬಂತೆ ಹೆಸರಿನ ಮೊದಲಲ್ಲಿರುವ 'ಮಹಮ್ಮದ್' ಒಂದು ಕಡೆ ಪೂರ್ತಿ ಇದ್ದರೆ ಇನ್ನೊಂದು ಕಡೆ ಬರೀ 'ಎಂ.ಡಿ.' ಆಗಿತ್ತು. ಅರ್ಜಿ ನೋಡಿದ ಗುಮಾಸ್ತರೊಬ್ಬರು "ಎಂ.ಡಿ. ಅಂದ್ರ ಡಾಕ್ಟರ್ ಏನ್ರಿ ಇವರು?" ಎಂದು ನಿಜವಾಗಿಯೂ ಕೇಳಿದರು. ನಾವೂ ನಕ್ಕೆವು. ಆದರೆ ಪೊಲೀಸ್ ಪರಿಶೀಲನೆಯ ಕಾಗದ ವಾರ ಕಳೆದರೂ ಬಾರದೇ ಹೋದಾಗ ಆ ನಗು ಉಳಿಯಲಿಲ್ಲ.

ಎರಡನೆಯ ವಾರ ಚಹಾದಂಗಡಿಯಲ್ಲಿ ಪರಿಚಯದವರೊಬ್ಬರು, ಕೆಟ್ಟ ಮನಸ್ಸಿನಿಂದಲ್ಲ, ಮರುಕದಿಂದಲೇ ಎಂದರು: "ಬಿಡ್ರಿ, ನಿಮ್ಮ ಹೆಸರಿನವರಿಗೆ ಅಂಥಾ ಕಡೆ ಪಾಸ್ ಕೊಡೂದಿಲ್ಲ." ಆ ಮಾತು ನಮ್ಮೊಳಗೆ ಕೂತುಬಿಟ್ಟಿತು. ರಾತ್ರಿ ಊಟಕ್ಕೆ ಕೂತರೂ ಅದೇ. ತಮ್ಮನ ಮುಖ ನೋಡಲಾಗುತ್ತಿರಲಿಲ್ಲ. ಅಮ್ಮೀ ಮಾತ್ರ "ತಡ ಆಗಿದೆ, ಇಲ್ಲ ಅಂದಿಲ್ಲವಲ್ಲ" ಎನ್ನುತ್ತಿದ್ದರು.

ಓದುಗರಲ್ಲಿ ಒಂದು ವಿಷಯ ಮುಚ್ಚಿಡಬಾರದು. ಅದೇ ಕೆಲಸಕ್ಕೆ ತಮ್ಮನ ಐಟಿಐ ಗೆಳೆಯ, ಬಬಲೇಶ್ವರದ ಒಬ್ಬ ಲಿಂಗಾಯತ ಹುಡುಗನೂ ಅರ್ಜಿ ಹಾಕಿದ್ದ. ತಮ್ಮನ ಪಾಸ್ ಇಪ್ಪತ್ತೆರಡನೆಯ ದಿನ ಬಂತು. ಆ ಹುಡುಗನದು ಬಂದದ್ದು ಅದಕ್ಕೂ ಒಂಬತ್ತು ದಿನ ತಡವಾಗಿ, ಅದೂ ತಾಲೂಕಿನ ಹೆಸರಿನ ಗೊಂದಲದಿಂದಲೇ. ಅವನ ತಂದೆ ಗೌಡರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, "ನಿಮ್ಮ ಹುಡುಗಂದು ಲಗೂನ ಆತಲ್ರಿ, ಯಾರನ್ನ ಹಿಡಿದ್ರಿ?" ಎಂದು ಕೇಳಿದಾಗ ನಮಗೆ ಏನು ಹೇಳಬೇಕೋ ತೋಚಲಿಲ್ಲ. ಇಪ್ಪತ್ತೆರಡು ದಿನ ನಾವು ಹೊತ್ತು ತಿರುಗಿದ ಸಂಶಯವನ್ನೇ ಅವರು ಇನ್ನೊಂದು ರೂಪದಲ್ಲಿ ಹೊತ್ತಿದ್ದರು. ಬೇರೆಲ್ಲೂ ಹೆಸರು ನೋಡಿ ತಡೆಯುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಬಾಡಿಗೆ ಮನೆ ಹುಡುಕಿದವರಿಗೆ ಅದರ ಅನುಭವವಿದೆ. ಇಲ್ಲಿ ಮಾತ್ರ ತಡೆದದ್ದು ಕಾಗದ. ತಡವಾದರೆ ಕಾರಣ ಇದು ಎಂದು ಒಂದು ಸಾಲು ಬರೆದು ತಿಳಿಸಿದ್ದರೆ ಎರಡು ಮನೆಗಳಿಗೆ ಅಷ್ಟು ದಿನದ ನಿದ್ದೆ ಉಳಿಯುತ್ತಿತ್ತು.

ತಮ್ಮ ಹೋಗಿ ತಿಂಗಳಾದ ಮೇಲೆ ಅಮ್ಮೀ ಹಟ ಹಿಡಿದರು, ಮಗ ಕೆಲಸ ಮಾಡುವ ಜಾಗ ನೋಡಬೇಕು. ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ಕಾರವಾರಕ್ಕೆ ಹೋಗಿ, ಅಲ್ಲಿಂದ ಕಾಳಿ ನದಿಯ ದಂಡೆ ಹಿಡಿದು ಸ್ಥಾವರದ ಸಿಬ್ಬಂದಿಯ ವಸತಿ ಇರುವ ಮಲ್ಲಾಪುರಕ್ಕೆ ಬಂದೆವು. ಬಯಲಿನಲ್ಲಿ ಬೆಳೆದ ನಮಗೆ ಆ ಕಾಡು ನೋಡಿಯೇ ಅರ್ಧ ದಣಿವು. ಅಮ್ಮೀ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ನಮ್ಮ ತೋಟದ ಎರಡು ಕಿಲೋ ಒಣದ್ರಾಕ್ಷಿ. ಮಲ್ಲಾಪುರದಲ್ಲೇ ಸಂಜೆ ತನಕ ಕಾಯಿರಿ ಎಂದು ತಮ್ಮ ಹೇಳಿದ್ದರೂ ಕೇಳದೆ ರಿಕ್ಷಾ ಮಾಡಿಕೊಂಡು ಗೇಟಿನವರೆಗೆ ಹೋದೆವು.

ಗೇಟಿನಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಜವಾನನೊಬ್ಬ ನಿಂತಿದ್ದ. ಉತ್ತರದ ಕಡೆಯ ಹುಡುಗ, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಅವನ ಹಿಂದಿ, ಅಮ್ಮೀಯ ದಖನಿ. ಇಬ್ಬರಿಗೂ ಮಾತು ಚೆನ್ನಾಗಿ ತಿಳಿಯಿತು. ಮಗನನ್ನು ಕರೆ ಎಂದರೆ ಆಗುವುದಿಲ್ಲ ಎಂದ. ಈ ಚೀಲ ತಲುಪಿಸು ಎಂದರೆ ಅದೂ ಆಗುವುದಿಲ್ಲ. "ನೀನಾದರೂ ಒಂದು ಹಿಡಿ ದ್ರಾಕ್ಷಿ ತಗೋ ಬೇಟಾ" ಎಂದರೆ ಎರಡು ಕೈ ಜೋಡಿಸಿ, "ಡ್ಯೂಟಿಯಲ್ಲಿ ತಗೋಬಾರದು ಅಮ್ಮಾ, ನನ್ನ ಅಮ್ಮನೂ ಹೀಗೇ ಕೊಡುತ್ತಾಳೆ" ಎಂದ. ಅವನು ದನಿ ಏರಿಸಲಿಲ್ಲ. ನಾವು ಫೋಟೋ ತೆಗೆಯಲು ಮೊಬೈಲ್ ಎತ್ತಿದಾಗ ಮಾತ್ರ ಮುಖ ಬಿಗಿಯಾಯಿತು. ತಪ್ಪು ನಮ್ಮದು, ಬೋರ್ಡು ಎದುರಿಗೇ ಇತ್ತು.

ಸಂಜೆ ತಮ್ಮ ಬಂದ. ಒಳಗಿನ ಯಂತ್ರಗಳ ಬಗ್ಗೆ ಅವನು ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ತನ್ನ ಮೈಮೇಲೆ ನಡೆಯುವ ತಪಾಸಣೆಯನ್ನಷ್ಟೇ ಹೇಳಿದ. ಎದೆಗೆ ಒಂದು ಬ್ಯಾಡ್ಜು, ಅದು ಮೈಗೆ ಬಿದ್ದ ವಿಕಿರಣದ ಲೆಕ್ಕ ಇಡುತ್ತದೆ. ಒಂದು ವಲಯದಿಂದ ಇನ್ನೊಂದಕ್ಕೆ ಹೋಗುವಾಗ ಚಪ್ಪಲಿ, ಅಂಗಿ ಎಲ್ಲ ಬದಲು. ಹೊರಬರುವಾಗ ಕೈ ಕಾಲು ಯಂತ್ರದ ಮೇಲಿಟ್ಟು, ಅದು ಸರಿ ಅಂದರೆ ಮಾತ್ರ ಮುಂದೆ. ಬಿಸ್ಕತ್ತಿನ ಚೂರನ್ನೂ ಒಳಗೆ ಒಯ್ಯುವಂತಿಲ್ಲ. ನಿಯಮಿತವಾಗಿ ಮೂತ್ರದ ಮಾದರಿ ಕೊಡಬೇಕು. ಈ ಕೊನೆಯ ಮಾತಿಗೆ ಅಮ್ಮೀ ಗಾಬರಿಯಾದರು: "ನಿನಗೆ ಏನಾಗಿದೆ ಅಂತ ಮೂತ್ರ ನೋಡುತ್ತಾರೆ?"

ಏನೂ ಆಗಿರಲಿಲ್ಲ. ಆದರೆ ಆ ಪರೀಕ್ಷೆ ಎಷ್ಟು ಮುಖ್ಯ ಎಂಬುದು ಇದೇ ಕೈಗಾದಲ್ಲಿ 2009ರ ನವೆಂಬರಿನಲ್ಲಿ ತಿಳಿಯಿತು. ಮಾಮೂಲಿ ಮೂತ್ರ ಪರೀಕ್ಷೆಯಲ್ಲೇ ಹಲವು ಕೆಲಸಗಾರರ ಮೈಯಲ್ಲಿ ಟ್ರೀಷಿಯಂ ಹೆಚ್ಚಾಗಿರುವುದು ಕಂಡಿತು. ಅಂಥವರ ಸಂಖ್ಯೆ ಐವತ್ತನ್ನು ದಾಟಿತು. ಹುಡುಕಿದಾಗ ಮೂಲ ಸಿಕ್ಕಿದ್ದು ಕುಡಿಯುವ ನೀರಿನ ಕೂಲರಿನಲ್ಲಿ. ಯಾರೋ ಟ್ರೀಷಿಯಂ ಬೆರೆತ ಭಾರಜಲವನ್ನು ಅದಕ್ಕೆ ಹಾಕಿದ್ದಾರೆ, ಅದು ಒಳಗಿನವರದೇ ಕೆಲಸ ಎಂದು ಅಧಿಕಾರಿಗಳು ಹೇಳಿದರು. ಟ್ರೀಷಿಯಂ ನೀರಿನ ಜೊತೆಯೇ ಮೈಯಿಂದ ಹೊರಗೆ ಹೋಗುವುದರಿಂದ ದೊಡ್ಡ ಅನಾಹುತವಾಗಲಿಲ್ಲ. ಬೇಲಿ, ಜವಾನರು, ತಪಾಸಣೆ ಎಲ್ಲವೂ ಇದ್ದವು. ಆದರೆ ಆ ಕೈ ಪಾಸ್ ಇದ್ದ ಕೈ. ಬೆಲ್ಜಿಯಂನ ಡೂಲ್ ಎಂಬಲ್ಲಿ 2014ರ ಆಗಸ್ಟಿನಲ್ಲಿ ಯಾರೋ ಟರ್ಬೈನಿನ ಎಣ್ಣೆಯನ್ನು ಬೇಕೆಂದೇ ಹರಿಯಬಿಟ್ಟು ಘಟಕ ನಾಲ್ಕು ತಿಂಗಳು ನಿಂತಾಗಲೂ ಸಂಶಯ ಹೋದದ್ದು ಒಳಗಿನವರ ಮೇಲೆ. ಇನ್ನು 2019ರಲ್ಲಿ ತಮಿಳುನಾಡಿನ ಕೂಡಂಕುಳಂ ಸ್ಥಾವರದ ಆಡಳಿತ ವಿಭಾಗದ ಕಂಪ್ಯೂಟರಿಗೆ ಕಳ್ಳ ತಂತ್ರಾಂಶ ಹೊಕ್ಕಿತ್ತು, ಸ್ಥಾವರ ನಡೆಸುವ ಯಂತ್ರಗಳಿಗೆ ಅದು ತಾಗಿಲ್ಲ ಎಂದು ನಿಗಮವೇ ಒಪ್ಪಿಕೊಂಡಿತು. ಅದು ಯಾವ ಗೇಟಿನಲ್ಲೂ ಪಾಸ್ ತೋರಿಸಿರಲಿಲ್ಲ.

ಕೋಟೆಯ ಊರಿನವರಾದ ನಮಗೆ ಇದು ತೀರಾ ಹೊಸ ಕಥೆಯೇನಲ್ಲ. ವಿಜಯಪುರದ ಸುತ್ತಲಿನ ಗೋಡೆ, ಅದರ ಬುರುಜುಗಳು, ಮೇಲಿನ ಮಲಿಕ್-ಎ-ಮೈದಾನ್ ತೋಪು, ಇವನ್ನೆಲ್ಲ ಶಾಲೆಯ ಮಕ್ಕಳೂ ಬಲ್ಲರು. 1685ರಿಂದ 86ರವರೆಗೆ ಔರಂಗಜೇಬನ ಸೈನ್ಯ ಮುತ್ತಿಗೆ ಹಾಕಿದಾಗ ಊರನ್ನು ಸೋಲಿಸಿದ್ದರಲ್ಲಿ ಹಸಿವಿನ ಪಾಲು ದೊಡ್ಡದು. ಅವನು ಒಳಬಂದ ಮನಗೂಳಿ ದರವಾಜೆಗೆ ಆಮೇಲೆ ಫತೇಹ್ ದರವಾಜೆ ಎಂದು ಹೆಸರಾಯಿತು. ಗೆದ್ದವರು ಬಾಗಿಲಿನ ಹೆಸರನ್ನೂ ಬದಲಿಸಿದರು. ಆಗಲೂ ಜನರ ಕಾಗದಪತ್ರಗಳಿಗೆ ತೊಂದರೆಯಾಗಿತ್ತೋ ಏನೋ.

ಹಾಗಾದರೆ ಗೇಟು ಬಿಗಿ ಇರಬಾರದೇ? ಇರಬೇಕು. ನಮ್ಮ ತಮ್ಮ ಅದೇ ಕೂಲರಿನ ನೀರು ಕುಡಿಯುವವನಾಗಿದ್ದರೆ, ಅವನ ಪಕ್ಕದಲ್ಲಿ ನಿಲ್ಲುವವನ ಕಾಗದವನ್ನು ಮೂರು ಸಲ ನೋಡಲಿ ಎಂದೇ ನಾವು ಹೇಳುತ್ತಿದ್ದೆವು. ಅಮ್ಮೀಯ ಚೀಲವನ್ನು ಒಳಗೆ ಬಿಡದಿದ್ದುದೂ ಸರಿಯೇ. ನಮ್ಮ ತಕರಾರು ಬೇರೆ. ಯಾರನ್ನು ಒಳಗೆ ಬಿಡಬಾರದು ಎಂಬ ನಿಯಮ, ಹೊರಗಿನವರಿಗೆ ಏನನ್ನೂ ಹೇಳಬಾರದು ಎಂಬ ಅಭ್ಯಾಸವಾಗಿ ಬೆಳೆಯಬಾರದು. ಕೈಗಾ ಕಟ್ಟುವ ಕಾಲದಲ್ಲಿ ಶಿವರಾಮ ಕಾರಂತರಂಥವರು ಹೊರಗೆ ನಿಂತು ಪ್ರಶ್ನೆ ಕೇಳಿದರು. 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತು ಸೋತರು. 1994ರ ಮೇ ತಿಂಗಳಲ್ಲಿ, ಇನ್ನೂ ಇಂಧನ ತುಂಬದಿದ್ದ ಘಟಕದ ಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಆಮೇಲೆ ವಿನ್ಯಾಸ ತಿದ್ದಿ ಮತ್ತೆ ಕಟ್ಟಿದರು. ಅದೇ ಕೈಗಾದ ಮೊದಲನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ಜಗತ್ತಿನ ದಾಖಲೆ ಮಾಡಿತೆಂಬುದನ್ನೂ ಹೇಳಬೇಕು. ಬಾಗಿಲು ಪೂರ್ತಿ ಮುಚ್ಚಿದೆ ಎಂದೂ ಅಲ್ಲ. ಹಕ್ಕಿ ನೋಡುವವರನ್ನು ಕರೆಸಿ ಪಕ್ಷಿ ಮ್ಯಾರಥಾನ್ ನಡೆಸುವ ರೂಢಿ ಅಲ್ಲಿ 2011ರಿಂದ ಇದೆ. ಹಕ್ಕಿ ಎಣಿಸಲು ಬರುವವರಿಗೆ ದಾರಿ ಇರುವುದಾದರೆ ಪ್ರಶ್ನೆ ಕೇಳಲು ಬರುವವರಿಗೂ ಒಂದು ದಾರಿ ಮಾಡುವುದು ಕಷ್ಟವೇನಲ್ಲ.

ಇದೆಲ್ಲ ದೂರದ ಕಾಡಿನ ಮಾತು ಎಂದು ಬಿಡುವಂತೆಯೂ ಇಲ್ಲ. ಉತ್ತರ ಕರ್ನಾಟಕದಲ್ಲಿ ಅಣು ಸ್ಥಾವರಕ್ಕೆ ಜಾಗ ನೋಡುತ್ತಿದ್ದಾರೆಂಬ ಸುದ್ದಿ 2025ರಲ್ಲಿ ಬಂದಾಗ ನಮ್ಮ ಜಿಲ್ಲೆಯ ಹೆಸರೂ ಕೇಳಿಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು 1962ರ ಅಣುಶಕ್ತಿ ಕಾಯ್ದೆಯ ಜಾಗದಲ್ಲಿ ಹೊಸ ಕಾಯ್ದೆ ತಂದು ಖಾಸಗಿ ಕಂಪನಿಗಳಿಗೂ ಈ ಕ್ಷೇತ್ರ ತೆರೆಯಿತು. ತಿಕೋಟಾದ ಚಹಾದಂಗಡಿಯಲ್ಲಿ ಈಗ ಇದೇ ಚರ್ಚೆ. ಕೆಲಸ ಸಿಗುತ್ತದೆ ಎನ್ನುವವರಿದ್ದಾರೆ, ಕೃಷ್ಣಾ ನೀರು ಈಗಷ್ಟೇ ಹೊಲಕ್ಕೆ ಬಂದಿದೆ ಎಂದು ಹೆದರುವವರಿದ್ದಾರೆ. ತಮ್ಮ ಊರಲ್ಲಿದ್ದಾಗ ಎಲ್ಲರೂ ಅವನನ್ನೇ ಕೇಳುತ್ತಾರೆ, ಅವನಿಗೆ ತನ್ನ ವೆಲ್ಡಿಂಗ್ ಬಿಟ್ಟು ಹೆಚ್ಚು ಗೊತ್ತಿಲ್ಲ.

ಒಂದು ರಾತ್ರಿ ನಾವೇ ಕಾಗದದ ಮೇಲೆ ಲೆಕ್ಕ ಹಾಕಿದೆವು. ಸ್ಥಾವರದ ಸುತ್ತ ಜನವಸತಿ ಇರಬಾರದ ವಲಯ ಕನಿಷ್ಠ ಒಂದು ಕಿಲೋಮೀಟರ್ ಎಂದು ನಿಯಮ, ಹಿಂದೆ ಅದು 1.6 ಇತ್ತು. ಒಂದು ಕಿಲೋಮೀಟರಿನ ವೃತ್ತ ಎಳೆದರೆ ಸುಮಾರು 775 ಎಕರೆ. ತುರ್ತು ಸಂದರ್ಭದ ಯೋಜನೆ ಅದರಾಚೆ ಹದಿನಾರು ಕಿಲೋಮೀಟರಿನವರೆಗೂ ಬೇಕು, ಅದು ಹಳ್ಳಿಯವರಿಗೆ ಅವರ ಭಾಷೆಯಲ್ಲಿ ಮೊದಲೇ ಗೊತ್ತಿರಬೇಕು. ನಮ್ಮ ಮನೆಯಿಂದ ಹದಿನಾರು ಕಿಲೋಮೀಟರ್ ಎಂದರೆ ಯಾವ ಯಾವ ಊರು ಎಂದು ಎಣಿಸುತ್ತಾ ಕೂತೆವು.

ಅಮ್ಮೀ ಒಣದ್ರಾಕ್ಷಿಯ ಕಸ ಆರಿಸುತ್ತಾ ಎಲ್ಲ ಕೇಳಿಸಿಕೊಂಡರು. ಆಮೇಲೆ ತಮ್ಮನ ಕಡೆ ತಿರುಗಿ, "ಇಲ್ಲಿ ಗೇಟು ಹಾಕಿದರೆ ಖಬರಸ್ತಾನಕ್ಕೆ ಹೋಗುವ ದಾರಿ ಯಾವ ಕಡೆಯಿಂದ ಬಿಡುತ್ತಾರೆ? ಅದಕ್ಕೂ ಪಾಸ್ ಬೇಕೇನು?" ಎಂದು ಕೇಳಿದರು. ತಮ್ಮ ಗೊತ್ತಿಲ್ಲ ಎಂದ. "ಮತ್ತೆ ಮೊದಲು ಅದನ್ನು ಕೇಳಿ ಬಾ" ಎಂದು ಹೇಳಿ ಮೊರವನ್ನು ಇನ್ನೊಮ್ಮೆ ಕೇರಿದರು.