ನಾಲ್ಕು ಊರುಗಳಿಂದ ಬೆಳಗಾವಿಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಜನರಿಗೆ ಬೆಳಗಾವಿಯು ನೋಡಲು ಹೋಗುವ ಊರಲ್ಲ, ಹೋಗಲೇಬೇಕಾದ ಊರು. ಹೊಲದ ವ್ಯಾಜ್ಯ, ಹಿರಿಯರ ಎದೆನೋವು, ಮಗಳ ಕಾಲೇಜಿನ ಪ್ರವೇಶ, ಮದುವೆಯ ಜವಳಿ, ಇವುಗಳಲ್ಲಿ ಒಂದಲ್ಲ ಒಂದು ಕಾರಣ ನಮ್ಮನ್ನು ಅತ್ತ ಕರೆದೊಯ್ಯುತ್ತದೆ. ಸಹ್ಯಾದ್ರಿಯ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿರುವ ಈ ನಗರದ ತಂಪು ಹವೆಯನ್ನೂ ಆಷಾಢದ ಜಿಟಿಜಿಟಿ ಮಳೆಯನ್ನೂ ಹೊರಗಿನ ಪ್ರವಾಸಿಗರು ಹೊಗಳುತ್ತಾರೆ. ನಮ್ಮವರಾದರೋ ಆ ಮಳೆಯಲ್ಲಿ ಕಾಗದಪತ್ರಗಳ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ರಸ್ತೆ ದಾಟುವವರು. ಹೊಸಬರು ಅರ್ಧ ದಿನವನ್ನು ದಾರಿಯಲ್ಲಿ ಕಳೆದು, ಊಟದ ವೇಳೆಗೆ ಸರಿಯಾದ ಬಾಗಿಲನ್ನು ತಲುಪಿ, ‘ನಾಳೆ ಬರ್ರಿ’ ಎಂಬ ಮಾತನ್ನು ಕೇಳಿ ಮರಳುವುದುಂಟು. ಕೂಲಿಯನ್ನು ಬಿಟ್ಟು ಬಂದವನಿಗೆ ಆ ಎರಡು ಮಾತುಗಳ ಬೆಲೆ ಏನೆಂಬುದನ್ನು ಬಲ್ಲವರೇ ಬಲ್ಲರು.

13,415 ಚದರ ಕಿಲೋಮೀಟರ್ ವಿಸ್ತಾರವುಳ್ಳ ಜಿಲ್ಲೆಯ ಆಡಳಿತಸ್ಥಾನವು ಅದರ ಪಶ್ಚಿಮದ ಅಂಚಿನಲ್ಲಿರುವುದೇ ಈ ಕಷ್ಟದ ಮೂಲ. ಕಿತ್ತೂರಿನವರಿಗೂ ಸವದತ್ತಿಯವರಿಗೂ ಬೆಳಗಾವಿಗಿಂತ ಧಾರವಾಡವೇ ಸಮೀಪ. ರಾಮದುರ್ಗದವರಿಗೆ ಬಾಗಲಕೋಟೆ ಸಮೀಪ. ರಾಮದುರ್ಗವು 1948ರವರೆಗೆ ತನ್ನದೇ ಅರಸರಿದ್ದ ಸಂಸ್ಥಾನವಾಗಿತ್ತು; ಆಗ ದರಬಾರು ಮನೆಯ ಬಾಗಿಲಲ್ಲೇ ಇದ್ದಿತು. ಈಗ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ.

ಕಿತ್ತೂರಿನ ದಾರಿ ಎಲ್ಲಕ್ಕಿಂತ ಸುಗಮವಾದುದು. ಹಿಂದೆ ನಾಲ್ಕನೆಯ ಸಂಖ್ಯೆಯದಾಗಿದ್ದು ಈಗ 48 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿಯು ಎಂ.ಕೆ. ಹುಬ್ಬಳ್ಳಿ, ಹಿರೇಬಾಗೇವಾಡಿಗಳನ್ನು ದಾಟಿಸಿ, 2012ರಲ್ಲಿ ಉದ್ಘಾಟನೆಗೊಂಡ ಸುವರ್ಣ ವಿಧಾನಸೌಧದ ಮುಂದಿನಿಂದ ನಗರವನ್ನು ಸೇರಿಸುತ್ತದೆ. ಬೈಲಹೊಂಗಲದವರು ಸಂಪಗಾವಿಯ ಮೇಲೆ ಬಂದು ಹಿರೇಬಾಗೇವಾಡಿಯಲ್ಲಿ ಇದೇ ಹೆದ್ದಾರಿಯನ್ನು ಕೂಡುತ್ತಾರೆ. ಸವದತ್ತಿ, ರಾಮದುರ್ಗಗಳವರಿಗೆ ಯರಗಟ್ಟಿಯೇ ಹೆಬ್ಬಾಗಿಲು. ಅಲ್ಲಿಂದ ನೇಸರಗಿ, ಸಾಂಬ್ರಾಗಳ ಮೂಲಕ, ವಿಮಾನ ನಿಲ್ದಾಣದ ಮಗ್ಗುಲಿನಿಂದ ಪ್ರವೇಶ. ಕರಿಮಣ್ಣಿನ ಜೋಳ-ಕಡಲೆಯ ಬಯಲಿನಿಂದ ಹೊರಟವರು ಕಬ್ಬಿನ ಸೀಮೆಯನ್ನು ಹಾಯ್ದು, ಕೆಮ್ಮಣ್ಣಿನ ನೆಲಕ್ಕೆ ಬಂದಿಳಿಯುವುದು ಕಿಟಕಿಯ ಬಳಿ ಕುಳಿತವರಿಗೆ ತಾನಾಗಿಯೇ ತಿಳಿಯುತ್ತದೆ.

ರೈಲಿನ ಮಾತು ಬೇರೆ. ಬೆಳಗಾವಿಗೆ ರೈಲು ಬಂದುದು 1887ರಲ್ಲಿ. ಆದರೆ ಧಾರವಾಡದಿಂದ ಹೊರಟ ಗಾಡಿಯು ಅಳ್ನಾವರ, ಲೋಂಡಾ, ಖಾನಾಪುರಗಳ ಕಾಡನ್ನು ಸುತ್ತಿಯೇ ಬೆಳಗಾವಿಯನ್ನು ಕಾಣಬೇಕು. ಈ ನಾಲ್ಕು ಊರುಗಳಲ್ಲಿ ಒಂದಕ್ಕೂ ಇಂದಿಗೂ ರೈಲ್ವೆ ನಿಲ್ದಾಣವಿಲ್ಲ. ಕಿತ್ತೂರಿನ ಮೇಲೆ ಹಾಯುವ ಸುಮಾರು 73 ಕಿ.ಮೀ. ಉದ್ದದ ನೇರ ಮಾರ್ಗಕ್ಕೆ ಮಂಜೂರಾತಿ ದೊರೆತಿದ್ದರೂ, ಮಂಜೂರಾತಿಯ ಮೇಲೆ ಗಾಡಿ ಓಡುವುದಿಲ್ಲವಷ್ಟೆ! ಆದ್ದರಿಂದ ಕೆಂಪು ಬಸ್ಸೇ ನಮ್ಮ ಗತಿ. ಈ ಬಸ್ಸಿನಲ್ಲಿ ಈಚೆಗೆ ಒಂದು ದೊಡ್ಡ ಬದಲಾವಣೆಯಾಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಮೇರೆಗೆ ರಾಜ್ಯದ ಮಹಿಳೆಯರು ಗುರುತಿನ ಚೀಟಿ ತೋರಿಸಿ ಸಾಮಾನ್ಯ ಸಾರಿಗೆಗಳಲ್ಲಿ ಉಚಿತವಾಗಿ ಪ್ರಯಾಣಿಸುತ್ತಿದ್ದಾರೆ. ಬಸ್ಸುಗಳಲ್ಲಿ ನೂಕುನುಗ್ಗಲು ಹೆಚ್ಚಿತೆಂದು ಗೊಣಗುವವರಿದ್ದಾರೆ, ಇರಲಿ. ತಿಂಗಳಿಗೊಮ್ಮೆ ಆಸ್ಪತ್ರೆಗೆ ತೋರಿಸಿಕೊಳ್ಳಬೇಕಾದ ತಾಯಿಯು ಮಗನ ಬಿಡುವನ್ನೂ ಅವನ ಕಿಸೆಯನ್ನೂ ಕಾಯದೆ ತಾನೇ ಹೊರಡುವಂತಾದುದು ಸಣ್ಣ ಮಾತಲ್ಲ.

ಕೇಂದ್ರ ಬಸ್ ನಿಲ್ದಾಣವು ಕೋಟೆಯ ಹತ್ತಿರದಲ್ಲಿದೆ. ರಟ್ಟರ ಅಧಿಕಾರಿಯಾದ ಬೀಚಿರಾಜನು 1204ರಲ್ಲಿ ಕಟ್ಟಿಸಿದುದೆಂದು ಹೇಳುವ ಈ ಕೋಟೆಯೊಳಗೆ ಅದೇ ಕಾಲದ ಕಮಲ ಬಸದಿ ಇದೆ. ರಟ್ಟರ ಮೊದಲಿನ ರಾಜಧಾನಿ ಸುಗಂಧವರ್ತಿ, ಅಂದರೆ ನಮ್ಮ ಸವದತ್ತಿ. ಅಲ್ಲಿಂದ ಅವರು ವೇಣುಗ್ರಾಮಕ್ಕೆ, ಎಂದರೆ ಬೆಳಗಾವಿಗೆ, ರಾಜಧಾನಿಯನ್ನು ಸಾಗಿಸಿದರು. ಸವದತ್ತಿಯವರ ಬೆಳಗಾವಿ ಯಾತ್ರೆ ಎಂಟುನೂರು ವರ್ಷಗಳಷ್ಟು ಹಳೆಯದೆಂದರೆ ತಪ್ಪಾಗಲಾರದು.

ನಿಲ್ದಾಣದಿಂದ ಎಲ್ಲಿಗೆ ಹೋಗಬೇಕಾದರೂ ಮೊದಲು ರಾಣಿ ಚೆನ್ನಮ್ಮ ವೃತ್ತವನ್ನು ಕೇಳಿಕೊಳ್ಳುವುದು ಲೇಸು. ಜಿಲ್ಲಾಧಿಕಾರಿಗಳ ಕಚೇರಿ, ನ್ಯಾಯಾಲಯಗಳು ಅಲ್ಲಿಯೇ ಅಕ್ಕಪಕ್ಕದಲ್ಲಿವೆ. ಜಿಲ್ಲಾ ಆಸ್ಪತ್ರೆಯೂ ದೂರವಲ್ಲ. ಕೆ.ಎಲ್.ಇ. ಸಂಸ್ಥೆಯ ದೊಡ್ಡ ಆಸ್ಪತ್ರೆಯು ಇನ್ನೂ ಉತ್ತರಕ್ಕೆ, ನೆಹರೂ ನಗರದಲ್ಲಿದೆ. ಅಲ್ಲಿಗೆ ನಗರ ಸಾರಿಗೆಯ ಬಸ್ಸುಗಳುಂಟು. ಆಟೋ ಹಿಡಿಯುವವರು ಬಾಡಿಗೆಯನ್ನು ಮೊದಲೇ ಮಾತನಾಡಿಕೊಂಡು ಏರುವುದು ಒಳಿತು. ರೈಲು ನಿಲ್ದಾಣವು ನಗರದ ದಕ್ಷಿಣಕ್ಕಿದೆ. ಬಸ್ಸಿಳಿದು ಗಾಡಿ ಹಿಡಿಯುವವರು ಕ್ಯಾಂಪ್ ದಾಟುವಷ್ಟು ಹೊತ್ತನ್ನು ಕೈಯಲ್ಲಿಟ್ಟುಕೊಂಡಿರಬೇಕು. ಬಜಾರಿನಲ್ಲಿ ಮರಾಠಿ ಕಿವಿಗೆ ಬಿದ್ದೊಡನೆ ನಮ್ಮ ಹಳ್ಳಿಯವರು ಹಿಂಜರಿಯುವುದನ್ನು ಕಂಡಿದ್ದೇನೆ. ಹಿಂಜರಿಯಬೇಕಾದುದಿಲ್ಲ, ಖಡೇಬಜಾರಿನ ಜವಳಿಯವನಾಗಲಿ ಶಹಾಪುರದ ಸೀರೆಯವನಾಗಲಿ ಗಿರಾಕಿಯ ಭಾಷೆಯಲ್ಲಿಯೇ ಲೆಕ್ಕ ಹೇಳುತ್ತಾನೆ.

ವೃತ್ತದಲ್ಲಿ ನಿಂತಿರುವ ರಾಣಿಯ ಬದುಕೂ ಇದೇ ದಾರಿಯಲ್ಲಿ ಸಾಗಿದುದು. ಜನಿಸಿದುದು ನಗರದ ಉತ್ತರದ ಕಾಕತಿಯಲ್ಲಿ. ಆಳಿದುದು, 1824ರಲ್ಲಿ ಕುಂಪಣಿಯ ಸೈನ್ಯವನ್ನು ಎದುರಿಸಿದುದು ಕಿತ್ತೂರಿನಲ್ಲಿ. ಸೆರೆಯಲ್ಲಿದ್ದು 1829ರಲ್ಲಿ ಲಿಂಗೈಕ್ಯಳಾದುದು ಬೈಲಹೊಂಗಲದಲ್ಲಿ. ಆಕೆಯ ಸಮಾಧಿಯೂ ಅಲ್ಲಿಯೇ ಇದೆ.

ಆದರೆ ಈ ನಗರದಲ್ಲಿ ನಮ್ಮ ಮಕ್ಕಳಿಗೆ ನಿಜವಾದ ದಾರಿಯನ್ನು ತೆರೆದವರು ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು. 1904ರಲ್ಲಿ ಧಾರವಾಡದಲ್ಲಿ ನೆರೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದ ಅವರು 1906ರಲ್ಲಿ ಲಿಂಗೈಕ್ಯರಾದಾಗ, ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟಿದ್ದರು. ಹತ್ತು ವರ್ಷಗಳ ತರುವಾಯ, 1916ರಲ್ಲಿ, ಏಳು ಜನ ಶಿಕ್ಷಕರು ಕೂಡಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆಯು 1933ರಲ್ಲಿ ಆರಂಭಿಸಿದ ಕಾಲೇಜಿಗೆ ಲಿಂಗರಾಜರ ಹೆಸರೇ ಇದೆ. ಕಾಲೇಜಿನ ಫೀ ಒಂದು ಚಿಂತೆಯಾದರೆ, ನಗರದಲ್ಲಿ ಅನ್ನವೂ ಆಸರೆಯೂ ಇನ್ನೊಂದು ಚಿಂತೆ. ಅದನ್ನು ನೀಗಿಸಿದುದು ನಾಗನೂರು ರುದ್ರಾಕ್ಷಿಮಠದ ಪ್ರಸಾದನಿಲಯ. ಶಿವಬಸವ ನಗರವೆಂಬ ಬಡಾವಣೆಯು ಆ ಮಠದ ಶಿವಬಸವ ಸ್ವಾಮಿಗಳ ಹೆಸರನ್ನು ಹೊತ್ತಿದೆ. ರೊಟ್ಟಿಯ ಬುತ್ತಿಯೊಂದಿಗೆ ಬಸ್ಸಿಳಿದ ಎಷ್ಟೋ ಹಳ್ಳಿಯ ಹುಡುಗರು ಅಲ್ಲಿ ಉಂಡು, ವಕೀಲರೂ ವೈದ್ಯರೂ ಆದರು. ಮಕ್ಕಳನ್ನು ಕಾಲೇಜಿಗೆ ಸೇರಿಸಲು ಹೋದ ತಾಯಿತಂದೆಗಳು ಒಂದು ಗಳಿಗೆ ಅಲ್ಲಿಗೂ ಹೋಗಿಬರಬೇಕು.

ಕೆಲಸ ಬೇಗನೆ ಮುಗಿದು ಮರುದಿನವೂ ಉಳಿಯುವವರು ಪಶ್ಚಿಮಕ್ಕೆ, ಜಾಂಬೋಟಿಯನ್ನು ದಾಟಿ ಕಣಕುಂಬಿಗೆ ಹೋಗಬಹುದು. ಮಲಪ್ರಭೆಯು ಹುಟ್ಟುವುದು ಅಲ್ಲಿ. ನಾವು ಬಂದ ದಾರಿಗೆ ಎದುರಾಗಿ ಅವಳ ಪ್ರಯಾಣ. ಘಟ್ಟದಿಂದಿಳಿದು, ಎಂ.ಕೆ. ಹುಬ್ಬಳ್ಳಿಯನ್ನು ಹಾಯ್ದು, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ತುಸು ನಿಂತು, ರಾಮದುರ್ಗವನ್ನು ಮುಟ್ಟಿ, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಕಣಕುಂಬಿಯ ಮಳೆ ಜಡಿಯಿತೆಂದರೆ ರಾಮದುರ್ಗದವರು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. 2019ರ ಆಗಸ್ಟ್ ತಿಂಗಳಲ್ಲಿ ಅವರ ಪೇಟೆಯೊಳಗೇ ನದಿಯು ಬಂದಿತ್ತು. ತಮ್ಮ ಊರಿನಲ್ಲಿ ಮೋಡವೂ ಇರದ ದಿನ ಹೊಳೆ ಏಕೆ ಉಕ್ಕುತ್ತದೆ ಎಂಬುದು ಆ ಕಾಡಿನ ಮಳೆಯಲ್ಲಿ ಒಮ್ಮೆ ನಿಂತರೆ ತಿಳಿದೀತು.

ಮರಳುವ ಬಸ್ಸಿನ ವೇಳೆಯನ್ನು ಬೆಳಗ್ಗೆ ಇಳಿದೊಡನೆಯೇ ವಿಚಾರಿಸಿಟ್ಟುಕೊಳ್ಳಬೇಕು. ರಾಮದುರ್ಗದ ಕೊನೆಯ ಬಸ್ಸು ತಪ್ಪಿದವರು ಯರಗಟ್ಟಿಯವರೆಗೆ ಬಂದು ಕತ್ತಲೆಯಲ್ಲಿ ಸಿಕ್ಕಿಬೀಳುವುದಕ್ಕಿಂತ ನಗರದಲ್ಲಿಯೇ ತಂಗುವುದು ಕ್ಷೇಮ. ಕಿತ್ತೂರಿನ ಕಡೆಯವರಿಗೆ ಅಂತಹ ಅಂಜಿಕೆಯಿಲ್ಲ. ಹೊತ್ತಿದ್ದರೆ ಅವರು ಎಂ.ಕೆ. ಹುಬ್ಬಳ್ಳಿಯಲ್ಲಿ ಇಳಿದು, ಹೊಳೆಯ ನಡುವಿನ ಶರಣೆ ಗಂಗಾಂಬಿಕೆಯ ಐಕ್ಯಮಂಟಪವನ್ನು ದರ್ಶಿಸಿ, ಹಿಂದಿನಿಂದ ಬರುವ ಇನ್ನೊಂದು ಬಸ್ಸನ್ನು ಹಿಡಿಯಬಹುದು.