ಬರಿ ಕೂಣಿ ಹೊತ್ತು ಬಂದವರು

ಉಳವಿ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನಲ್ಲಿರುವ, ಚೆನ್ನಬಸವಣ್ಣನವರ ಸಮಾಧಿಯ ಉಳವಿ. ಇಲ್ಲಿ ಹೇಳಹೊರಟಿರುವುದು ಆ ಉಳವಿಯ ಮಾತಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲೂ ಒಂದು ಉಳವಿ ಇದೆ. ಅದು ಹೋಬಳಿ ಕೇಂದ್ರ. ಪ್ರವಾಸಿಗರ ಬಸ್ಸು ಇಲ್ಲಿ ನಿಲ್ಲುವುದು ಅಪರೂಪ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಈ ಸೀಮೆಯ ರಸ್ತೆಗಳಲ್ಲಿ ಒಂದು ವಿಚಿತ್ರ ಮೆರವಣಿಗೆ ಎದುರಾಗುವುದುಂಟು. ಬೈಕು, ಟ್ರ್ಯಾಕ್ಟರು, ಗೂಡ್ಸ್ ಆಟೋಗಳ ಮೇಲೆ ಬುಡ ಅಗಲವಾಗಿ ತುದಿ ಕಿರಿದಾದ ಬಿದಿರಿನ ಬುಟ್ಟಿಗಳು. ಅವುಗಳಿಗೆ ತಳವೂ ಇಲ್ಲ, ಮುಚ್ಚಳವೂ ಇಲ್ಲ. ಅವೇ ಕೂಣಿಗಳು. ಕೂಣಿ ಹೊತ್ತು ಹೊರಟವರು ಕೆರೆಬೇಟೆಗೆ ಹೊರಟವರೆಂದು ಯಾರೂ ಹೇಳಬೇಕಾಗಿಲ್ಲ.

ಸೊರಬ, ಶಿಕಾರಿಪುರಗಳದು ಪೂರ್ತಿ ಮಲೆನಾಡೂ ಅಲ್ಲದ, ಬಯಲುಸೀಮೆಯೂ ಅಲ್ಲದ ನೆಲ. ಮೇಲೆ ಕಾನು, ಕೆಳಗೆ ಕೆರೆ, ಅದರ ಕೆಳಗೆ ಅಡಿಕೆ ತೋಟ ಮತ್ತು ಭತ್ತದ ಗದ್ದೆ ಎಂಬುದು ಇಲ್ಲಿನ ಊರುಗಳ ಹಳೆಯ ಜೋಡಣೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಬರೆದ ವರದಿಯಲ್ಲಿ ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳ ಲೆಕ್ಕವಿದೆ. ಕಾನು ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಟ್ಟರೆ ಕೆರೆಗೆ ಉಸಿರು. ಕೆರೆ ಕಟ್ಟುವ ಪರಂಪರೆ ಇಲ್ಲಿ ನಿನ್ನೆ ಮೊನ್ನೆಯದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಐದನೇ ಶತಮಾನದ ಸ್ತಂಭ ಶಾಸನವು ಕದಂಬ ದೊರೆ ಕಾಕುತ್ಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಸುಮಾರು ಸಾವಿರದ ಐನೂರು ವರ್ಷಗಳಿಂದ ಕೆರೆಯನ್ನು ನಂಬಿ ಬದುಕಿದ ಸೀಮೆ ಇದು.

ಆ ನಂಬಿಕೆಯ ಒಂದು ಹಬ್ಬ ಕೆರೆಬೇಟೆ. ಗದ್ದೆಗೆ ನೀರು ಬಿಟ್ಟು ಮುಗಿದು, ಬಿಸಿಲಿಗೆ ಕೆರೆ ಮೊಣಕಾಲು, ಸೊಂಟದ ಮಟ್ಟಕ್ಕೆ ಇಳಿದಾಗ ಊರವರು ಸಭೆ ಸೇರಿ ದಿನ ಗೊತ್ತುಮಾಡುತ್ತಾರೆ. ಸುತ್ತಲಿನ ಊರುಗಳಿಗೆ ಸುದ್ದಿ ಹೋಗುತ್ತದೆ. ಒಂದು ಕೂಣಿಗೆ ಇಷ್ಟು ಎಂದು ಹಣ ನಿಗದಿಯಾಗುತ್ತದೆ. ಬಂದ ಹಣ ಸಾಮಾನ್ಯವಾಗಿ ದೇವಸ್ಥಾನಕ್ಕೋ ಊರ ಕೆಲಸಕ್ಕೋ ಸಲ್ಲುತ್ತದೆ. ಬಲೆ ತರುವಂತಿಲ್ಲ, ಕೂಣಿ ಮಾತ್ರ. ಕೆರೆಗೆ ಪೂಜೆಯಾಗಿ ಸೂಚನೆ ಸಿಕ್ಕಿದೊಡನೆ ದಂಡೆಯಲ್ಲಿ ಸಾಲುಗಟ್ಟಿ ನಿಂತ ನೂರಾರು ಜನ ಒಟ್ಟಿಗೆ ನೀರಿಗೆ ನುಗ್ಗುತ್ತಾರೆ. ಕೂಣಿಯನ್ನು ಕೆಸರಿಗೆ ಒತ್ತಿ ಊರಿದಾಗ ಒಳಗೆ ಮೀನು ಸಿಕ್ಕಿಬಿದ್ದಿದ್ದರೆ ಅದು ಬಿದಿರಿಗೆ ಬಡಿಯುತ್ತದೆ. ಆ ಬಡಿತ ಹಿಡಿದವನ ಅಂಗೈಗೆ ತಿಳಿಯುತ್ತದೆ. ಮೇಲಿನ ಬಾಯಿಯಿಂದ ಕೈ ಇಳಿಸಿ ಮೀನನ್ನು ಎತ್ತಿ ಸೊಂಟದ ಚೀಲಕ್ಕೆ ಹಾಕಿಕೊಳ್ಳುವುದು. ಕಾಟ್ಲಾ, ರೋಹು, ಗೆಂಡೆ, ಅವಲು, ಮುರುಗೋಡು, ಯಾವುದು ಸಿಕ್ಕರೂ ಹಿಡಿದವನದೇ. 2024ರಲ್ಲಿ ‘ಕೆರೆಬೇಟೆ’ ಎಂಬ ಹೆಸರಿನ ಕನ್ನಡ ಚಲನಚಿತ್ರವೇ ಬಂದ ಮೇಲೆ ದೂರದ ಊರಿನವರಿಗೂ ಇದರ ಕುತೂಹಲ ಹೆಚ್ಚಿದೆ.

ಕುತೂಹಲ ಹೆಚ್ಚಿದಲ್ಲಿ ಜನ ಹೆಚ್ಚುತ್ತಾರೆ. ಜನ ಹೆಚ್ಚಿದಲ್ಲಿ ನಿರಾಸೆಯೂ ಹೆಚ್ಚುತ್ತದೆ. ಬೇಸಿಗೆಯಲ್ಲಿ ಈ ಸೀಮೆಯ ಬಸ್ಸು, ಹೋಟೆಲುಗಳಲ್ಲಿ ಆಗಾಗ ಕಿವಿಗೆ ಬೀಳುವ ಕಥೆಯೊಂದಿದೆ. ಅದು ಯಾವುದೇ ಒಂದು ಊರಿನದಲ್ಲ.

ಬೆಳಗಿನ ಜಾವಕ್ಕೇ ಎದ್ದು, ಅಟ್ಟದ ಮೇಲಿದ್ದ ಕೂಣಿ ಇಳಿಸಿ, ಬುತ್ತಿ ಕಟ್ಟಿಕೊಂಡು ಅಪ್ಪ ಮಗ ಹೊರಡುತ್ತಾರೆ. ಮಗನಿಗೆ ಬೇಸಿಗೆ ರಜೆ. ಎಂಟು ಗಂಟೆಗೆ ಎಂದು ಹೇಳಿದ ಬೇಟೆ ಹತ್ತಾದರೂ ಶುರುವಾಗುವುದಿಲ್ಲ. ಚೀಟಿ ಕೊಡುವ ಮೇಜಿನ ಮುಂದೆ ನೂಕುನುಗ್ಗಲು. ಕುಡಿಯಲು ನೀರಿಲ್ಲ, ನಿಲ್ಲಲು ನೆರಳಿಲ್ಲ. ಸೂಚನೆಗೆ ಮೊದಲೇ ಆಚೆ ದಂಡೆಯವರು ಇಳಿದುಬಿಡುತ್ತಾರೆ. ಅವರನ್ನು ಕಂಡು ಈಚೆಯವರೂ ನುಗ್ಗುತ್ತಾರೆ. ಅರ್ಧ ಗಂಟೆಯಲ್ಲಿ ಕೆರೆಯೆಲ್ಲ ರಾಡಿ. ಒಬ್ಬನ ಕೂಣಿ ಇನ್ನೊಬ್ಬನ ಕಾಲ ಮೇಲೆ. “ಅಪ್ಪಯ್ಯ, ಒಂದೂ ಸಿಗಲಿಲ್ಲವಲ್ಲ” ಎಂದು ಮಗ ಕೇಳುವ ಹೊತ್ತಿಗೆ ದಂಡೆಯ ಮೇಲೆ ಬೇರೆಯೇ ಮಾತು ಎದ್ದಿರುತ್ತದೆ. ಮೀನನ್ನು ಮೊದಲೇ ಬಲೆ ಹಾಕಿ ಹಿಡಿದುಬಿಟ್ಟಿದ್ದಾರೆ, ಬರಿ ಕೆರೆಗೆ ಚೀಟಿ ಮಾರಿದ್ದಾರೆ ಎಂಬ ಮಾತು. ಅದು ನಿಜವೋ ಸುಳ್ಳೋ ಆ ಗದ್ದಲದಲ್ಲಿ ಯಾರೂ ತಿಳಿಯಲಾರರು. ಹಣ ವಾಪಸು ಕೊಡಿ ಎಂಬ ಕೂಗು, ತಳ್ಳಾಟ, ಕೆಲವೊಮ್ಮೆ ಅದಕ್ಕಿಂತ ಮುಂದಕ್ಕೂ ಹೋಗುವುದುಂಟು. ಹಬ್ಬಕ್ಕೆಂದು ಬಂದ ಹುಡುಗ ನೋಡಿಕೊಂಡು ಹೋಗುವುದು ದೊಡ್ಡವರ ಜಗಳವನ್ನು.

ಆ ದಿನ ಮೋಸವೇ ನಡೆದಿರಬೇಕೆಂದಿಲ್ಲ. ಒಂದು ಸರಳ ಲೆಕ್ಕ ಹಾಕಿದರೆ ಸಾಕು, ನಿರಾಸೆಯ ಅರ್ಧ ಕಾರಣ ತಿಳಿಯುತ್ತದೆ. ಕೆರೆಯಲ್ಲಿ ಐದು ಎಕರೆಯಷ್ಟು ನೀರು ಉಳಿದಿದೆ ಎಂದಿಟ್ಟುಕೊಳ್ಳೋಣ. ಅಂದರೆ ಸುಮಾರು 20 ಸಾವಿರ ಚದರ ಮೀಟರು. ಒಳಗೆ ಐದು ಕ್ವಿಂಟಾಲ್ ಮೀನಿದೆ ಎನ್ನೋಣ. ಸಾವಿರ ಕೂಣಿ ಇಳಿದರೆ ಒಬ್ಬೊಬ್ಬರ ಪಾಲಿಗೆ ಬರುವುದು 20 ಚದರ ಮೀಟರು ಕೆಸರು, ಅರ್ಧ ಕಿಲೋ ಮೀನು. ಎರಡು ಅಡಿ ಬಾಯಿಯ ಕೂಣಿ ಒಮ್ಮೆ ಮುಚ್ಚುವ ಜಾಗ ಒಂದು ಚದರ ಮೀಟರಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ತನ್ನ ಪಾಲಿನ ಜಾಗವನ್ನು ಒಂದು ಸಲ ಮುಚ್ಚಿ ನೋಡಲು 70 ಸಲ ಕೂಣಿ ಊರಬೇಕು. ಅಷ್ಟರಲ್ಲಿ ಮೀನು ಪಕ್ಕದವನ ಕಡೆಗೆ ಓಡಿರುತ್ತದೆ. ಪರಿಣತನೊಬ್ಬನಿಗೆ ಐದು ಕಿಲೋ ಸಿಕ್ಕಿತೆಂದರೆ ಹತ್ತು ಜನರ ಪಾಲು ಅವನೊಬ್ಬನ ಚೀಲ ಸೇರಿತು ಎಂದೇ ಅರ್ಥ. ಕೂಣಿಗೆ 500 ರೂಪಾಯಿ ಇಟ್ಟರೆ ಸಮಿತಿಗೆ ಐದು ಲಕ್ಷ ಬರುತ್ತದೆ. ಬಂದವರಲ್ಲಿ ಬಹುಪಾಲು ಬರಿಗೈಯಲ್ಲಿ ಹೋಗುತ್ತಾರೆ. ಅದೇ ಕೆರೆಗೆ 300 ಕೂಣಿ ಸಾಕು ಎಂದು ಮಿತಿ ಹಾಕಿದರೆ ಸರಾಸರಿ ಪಾಲು ಒಂದೂವರೆ ಕಿಲೋ ದಾಟುತ್ತದೆ, ಜನಕ್ಕೆ ಓಡಾಡಲು ಜಾಗವೂ ಇರುತ್ತದೆ. ಸಮಿತಿಗೆ ಬರುವುದು ಮಾತ್ರ ಒಂದೂವರೆ ಲಕ್ಷ. ಹಬ್ಬವೋ ವ್ಯಾಪಾರವೋ ಎಂಬುದು ತೀರ್ಮಾನವಾಗುವುದು ಚೀಟಿಯ ಮೇಜಿನ ಬಳಿ, ಕೆರೆಯಲ್ಲಲ್ಲ.

ಇನ್ನರ್ಧ ಕಾರಣ ನೀರಿನಲ್ಲೇ ಇದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಸಾವಿರ ಜೋಡಿ ಕಾಲುಗಳು ತಳದ ಕೊಳೆತ ಎಲೆ, ಕೆಸರನ್ನು ಕಲಕಿದಾಗ ಆ ಅಲ್ಪಸ್ವಲ್ಪ ಆಮ್ಲಜನಕವೂ ಖರ್ಚಾಗುತ್ತದೆ, ಮೀನಿನ ಕಿವಿರಿಗೆ ರಾಡಿ ಮೆತ್ತುತ್ತದೆ. ಆಗ ಕಾಟ್ಲಾ, ರೋಹುಗಳು ಉಸಿರಿಗಾಗಿ ಮೇಲಕ್ಕೆ ಬರುತ್ತವೆ. ಅವಲು, ಮುರುಗೋಡುಗಳ ಕಥೆ ಬೇರೆ. ಅವು ನೇರವಾಗಿ ಗಾಳಿಯನ್ನೂ ಉಸಿರಾಡಬಲ್ಲವು. ಒಮ್ಮೆ ತಲೆ ಎತ್ತಿ ಗಾಳಿ ಎಳೆದುಕೊಂಡು ಕೆಸರಿನಲ್ಲಿ ಹುದುಗಿದರೆ ಅನುಭವವಿಲ್ಲದ ಕೈಗೆ ಸಿಗುವುದು ಕಷ್ಟ. ಹಳಬರು ಅದಕ್ಕೇ ಅವಸರ ಮಾಡುವುದಿಲ್ಲ. ಗದ್ದಲದಿಂದ ದೂರ ನಿಂತು, ಕೆಸರು ಎಲ್ಲಿ ಆಳವಿದೆ, ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಾರೆ.

ಪೇಟೆಯ ಮಕ್ಕಳಿಗೆ ಇಂಥ ಹುಸಿ ಬೇಟೆಯ ಇನ್ನೊಂದು ಆಟ ಗೊತ್ತು: ಪೇಂಟ್‌ಬಾಲ್. ಬೆಂಗಳೂರಿನ ಸುತ್ತಲಿನ ರೆಸಾರ್ಟುಗಳಲ್ಲಿ ಹಣ ಕಟ್ಟಿ, ಮುಖವಾಡ ಧರಿಸಿ, ಬಣ್ಣದ ಗುಂಡು ಹಾರಿಸಿ ಆಡುವ ಆಟ ಅದು. ಅಮೆರಿಕದಲ್ಲಿ ಮರಗಳಿಗೆ, ದನಗಳಿಗೆ ಗುರುತು ಹಾಕಲು ತಯಾರಾದ ಬಣ್ಣದ ಪಿಸ್ತೂಲಿನಿಂದ ಅದು ಹುಟ್ಟಿತು. ಕಾಡಿನಲ್ಲಿ ಗೆಲ್ಲುವವನು ಪೇಟೆಯವನೋ ಹಳ್ಳಿಯವನೋ ಎಂದು ಸ್ನೇಹಿತರಲ್ಲಿ ಎದ್ದ ವಾದ ತೀರಿಸಿಕೊಳ್ಳಲು 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನ್ನಿಕರ್ ಎಂಬಲ್ಲಿ 12 ಜನ ಕಾಡಿಗೆ ಇಳಿದರು. ಎದುರಾಳಿಯ ಬಣ್ಣ ಮೈಗೆ ತಗುಲದಂತೆ ನಾಲ್ಕು ಕಡೆಯ ಬಾವುಟಗಳನ್ನು ಒಟ್ಟುಮಾಡಿ ತರಬೇಕು. ಗೆದ್ದವನು ರಿಚಿ ವೈಟ್ ಎಂಬ ಕಾಡು ಬಲ್ಲ ಮನುಷ್ಯ. ವಿಶೇಷವೆಂದರೆ ಅವನು ಒಂದು ಗುಂಡನ್ನೂ ಹಾರಿಸಲಿಲ್ಲ. ಕಾಡನ್ನು ಓದುವುದು ಅವನಿಗೆ ಗೊತ್ತಿತ್ತು, ಅಷ್ಟೆ. ಕೆಸರಿನ ಗುಳ್ಳೆ ನೋಡುತ್ತ ನಿಲ್ಲುವ ಸೊರಬ ಸೀಮೆಯ ಹಳಬನಿಗೂ ಅವನಿಗೂ ಅಷ್ಟೇನೂ ಅಂತರವಿಲ್ಲ.

ಪೇಂಟ್‌ಬಾಲಿನಿಂದ ಕೆರೆಬೇಟೆ ಕಲಿಯಬೇಕಾದ್ದೂ ಒಂದಿದೆ. ಆ ಗುಂಡು ಸುಮಾರು 17 ಮಿಲಿಮೀಟರು ದಪ್ಪ, ಮೂರು ಗ್ರಾಂ ತೂಕ. ಸೆಕೆಂಡಿಗೆ 90 ಮೀಟರು ವೇಗದಲ್ಲಿ ಕಣ್ಣಿಗೆ ಬಡಿದರೆ ದೃಷ್ಟಿಯೇ ಹೋಗಬಹುದು. ಆದ್ದರಿಂದ ಸರಿಯಾಗಿ ನಡೆಸುವ ಮೈದಾನದಲ್ಲಿ ಮೊದಲು ವೇಗ ಅಳೆಯುತ್ತಾರೆ. ಗೆರೆಯೊಳಗೆ ಯಾರೂ ಮುಖವಾಡ ತೆಗೆಯುವಂತಿಲ್ಲ. ತೀರ್ಪುಗಾರ ಸೀಟಿ ಊದಿದರೆ ಎಲ್ಲರೂ ನಿಲ್ಲಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಮಗುವಿನ ಕೈ ಹಿಡಿದು ವಾಪಸು ಕರೆದುಕೊಂಡು ಬರುವುದೇ ಜಾಣತನ. ಕಟ್ಟಿದ ಹಣದ ಮುಖ ನೋಡಬಾರದು.

ಕೆರೆಗೂ ಅದೇ ಮಾತು. ಹೂಳೆತ್ತುವ ಯಂತ್ರಗಳು ಬಂದ ಮೇಲೆ ಕೆರೆಯ ತಳ ಮೊದಲಿನ ಹಾಗೆ ಸಮವಾಗಿಲ್ಲ. ಮಣ್ಣು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದ ಹುಡುಗ ಮುಂದಿನ ಹೆಜ್ಜೆಗೆ ಮುಳುಗಬಹುದು. ತೂಬಿನ ಬಳಿ ಆಳ, ಕೆಸರಿನಲ್ಲಿ ಒಡೆದ ಗಾಜು, ಕೆಲವು ಮೀನುಗಳ ಚುಚ್ಚುವ ಮುಳ್ಳು, ಇವೆಲ್ಲ ಇದ್ದದ್ದೇ. ಗುಂಡಿಗಳಿರುವಲ್ಲಿ ಕೋಲು ನೆಟ್ಟು ಬಟ್ಟೆ ಕಟ್ಟಿದ್ದಾರೆಯೇ, ಈಜು ಬಲ್ಲವರು ಹಗ್ಗ ಹಿಡಿದು ದಂಡೆಯಲ್ಲಿದ್ದಾರೆಯೇ, ಎಷ್ಟು ಕೂಣಿಗೆ ಚೀಟಿ ಕೊಟ್ಟಿದ್ದಾರೆಂದು ಹಲಗೆಯಲ್ಲಿ ಬರೆದಿದ್ದಾರೆಯೇ, ಈ ವರ್ಷ ಮೀನುಮರಿ ಬಿಟ್ಟದ್ದು ಯಾವಾಗ, ಬಲೆ ಹಾಕಿದ್ದು ಉಂಟೇ ಎಂದು ಕೇಳಿದರೆ ನೇರ ಉತ್ತರ ಸಿಗುತ್ತದೆಯೇ? ತಂದೆ ತಾಯಂದಿರು ಮಕ್ಕಳನ್ನು ಕರೆದೊಯ್ಯುವ ಮೊದಲು ಇಷ್ಟನ್ನು ವಿಚಾರಿಸಬೇಕು. ಉತ್ತರ ಸಿಗದಿದ್ದರೆ ದಂಡೆಯ ಮೇಲೆ ಕೂತು ನೋಡಿ ಬರುವುದು ಲೇಸು. ನೋಡುವುದಕ್ಕೂ ಅದು ಕಡಿಮೆ ಚೆಂದದ ನೋಟವಲ್ಲ.

ಈ ಎಚ್ಚರಿಕೆ ಹಬ್ಬವನ್ನು ನಿಲ್ಲಿಸಲೆಂದಲ್ಲ, ಉಳಿಸಿಕೊಳ್ಳಲೆಂದು. ಒಂದು ಊರಿನಲ್ಲಿ ಗಲಾಟೆಯಾದರೆ ಮುಂದಿನ ವರ್ಷ ಆ ಊರಿನಲ್ಲಿ ಬೇಟೆ ನಡೆಯುವುದೇ ಅನುಮಾನ. ಬೇಟೆ ನಿಂತರೆ ಕೆರೆ ಊರಿನದೆಂಬ ಭಾವನೆಯೂ ಸಡಿಲವಾಗುತ್ತದೆ. ಆಮೇಲೆ ಕೆರೆಯ ಒತ್ತುವರಿಯನ್ನು ಕೇಳುವವರೂ ಇರುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಊರಿಗೆ ಊರೇ ಕೆರೆಗೆ ಇಳಿದು ಅದರ ಆಳ, ಹೂಳು, ಮೀನು ಎಲ್ಲವನ್ನೂ ಕಾಲಿನಿಂದ ಅಳೆಯುವ ಪದ್ಧತಿ ಸಣ್ಣದಲ್ಲ.

ಉಳವಿಯ ಕಡೆ ಹೋಗುವವರಿಗೆ ಸಾಗರದ ತನಕ ರೈಲಿದೆ. ಅಲ್ಲಿಂದ ಮುಂದೆ ಬಸ್ಸು. ಕೆಳದಿಯ ರಾಮೇಶ್ವರ ದೇವಾಲಯ, ಚಂದ್ರಗುತ್ತಿಯ ಕೋಟೆ, ಬನವಾಸಿ, ತಾಳಗುಂದ ಎಲ್ಲವೂ ಈ ಸುತ್ತಿನಲ್ಲೇ ಇವೆ. ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದ ಸೊಗಸು ಮಾತ್ರ ಮಳೆ ಬಿದ್ದ ಮೇಲೆ. ಆಗ ಕೆರೆಯಲ್ಲಿ ಬೇಟೆ ಇರುವುದಿಲ್ಲ, ಬೇರೆಯೇ ಸಂಭ್ರಮ ಇರುತ್ತದೆ. ಮೊದಲ ದೊಡ್ಡ ಮಳೆಗೆ ಹಳ್ಳದ ಹೊಸ ನೀರು ಕೆರೆಗೆ ಬಂದಾಗ, ಬೇಸಿಗೆಯ ಕೂಣಿಗಳಿಂದ ತಪ್ಪಿಸಿಕೊಂಡು ಉಳಿದ ಮೀನುಗಳು ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಗದ್ದೆಯತ್ತ ಹತ್ತುತ್ತವೆ. ಬರಿ ಕೂಣಿ ಹೊತ್ತು ಹೋದ ಹುಡುಗ ಆ ಹೊತ್ತಿಗೆ ಗದ್ದೆಯ ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದರೆ, ಅಂದು ತನ್ನ ಕೈಗೆ ಸಿಗದಿದ್ದ ಮೀನು ಎಲ್ಲಿಗೆ ಹೊರಟಿದೆ ಎಂಬುದನ್ನು ಕಣ್ಣಾರೆ ನೋಡಬಹುದು.